ತೋಪಿನ ವರಮಾನ ಎಷ್ಟು ಅಂತ ಬರೆಯಲಿ?

ಗ್ರಾಮ ಲೆಕ್ಕಿಗನಾಗಿ ಕೋಲಾರ ಜಿಲ್ಲೆಯ ಶ್ರೀನಿವಾಸಪುರ, ಮುಳಬಾಗಿಲು, ಮಾಲೂರು ಮೂರೂ ಕಡೆ ನೀರು ಕುಡಿದವನು ನಾನು. ಪಹಣಿ, ಬೆಳೆ ಎಣಿಕೆ, ಕಂದಾಯ ವಸೂಲಿಗೆಲ್ಲ ಹೆದರಲಿಲ್ಲ. ಪೆನ್ನು ತಡೆಯುತ್ತಿದ್ದುದು ಕಾಲೇಜು ಸೇರುವ ಮಕ್ಕಳ ಆದಾಯ ಪ್ರಮಾಣಪತ್ರಕ್ಕೆ ವರದಿ ಬರೆಯುವಾಗ.

ಸರ್ಕಾರದ ದುಡ್ಡಲ್ಲಿ ಓದಬೇಕಾದರೆ ರುಜುವಾತು ಕೊಡಬೇಕೆಂಬ ಪದ್ಧತಿ ಹಳೆಯದು. ಮೈಸೂರಿನ ಮಹಾರಾಜ ನಾಲ್ವಡಿಯವರು 1918ರಲ್ಲಿ ನೇಮಿಸಿದ ಮಿಲ್ಲರ್ ಸಮಿತಿ ಮರುವರ್ಷವೇ ವರದಿ ಕೊಟ್ಟು, ಹಿಂದುಳಿದವರಿಗೆ ವಿದ್ಯಾರ್ಥಿವೇತನ ಬೇಕೆಂದಿತು. 1944ರಲ್ಲಿ ಭಾರತ ಸರ್ಕಾರ ಪರಿಶಿಷ್ಟ ಜಾತಿಯವರಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರು ಮಾಡಿತು. ನೂರರಲ್ಲಿ ಮೂವತ್ತು ಜನ ಪರಿಶಿಷ್ಟ ಜಾತಿಯವರೇ ಇರುವ ನಮ್ಮ ಕೋಲಾರ ಜಿಲ್ಲೆಗೆ ಇದು ಸಣ್ಣ ಮಾತಲ್ಲ. ಆದರೆ ಊರಿನ ಲೆಕ್ಕಪತ್ರ ಶಾನುಭೋಗರ ಕೈಯಲ್ಲಿ, ಊರಿನ ಮಾತು ಪಟೇಲರ ಬಾಯಲ್ಲಿ. ಆಳಿನ ಮಗ ಓದಲು ಹೊರಟರೆ ಅವರ ಜಗಲಿ ಮುಂದೆ ಕೈಕಟ್ಟಿ ನಿಲ್ಲದೆ ಆಗುತ್ತಿತ್ತೇ? 1961ರ ಕಾಯ್ದೆಯಿಂದ ಆ ವಂಶಪಾರಂಪರ್ಯ ಹುದ್ದೆಗಳು ಹೋಗಿ, ನಮ್ಮಂಥ ಸಂಬಳದವರು ಬಂದೆವು.

ಆದಾಯ ವರದಿಯ ಮಹಜರು ಹೀಗೆ ನಡೆಯುತ್ತಿತ್ತು. ಅರಳಿಕಟ್ಟೆ ಮೇಲೆ ಕೂತು ಅಕ್ಕಪಕ್ಕದವರನ್ನು ಕರೆಸುವುದು, ಅವರು ತೆಲುಗಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಬರೆದು ಓದಿ ಹೇಳುವುದು, ಹೆಬ್ಬೆಟ್ಟು ಒತ್ತಿಸುವುದು. ಅಲ್ಲಿಂದ ಕಂದಾಯ ನಿರೀಕ್ಷಕರು, ಆಮೇಲೆ ತಹಶೀಲ್ದಾರರ ಮೊಹರು. ಮಾಲೂರಿನ ಹೆಂಚು, ಇಟ್ಟಿಗೆ ಕೂಲಿಯವರ ಲೆಕ್ಕ ಸಲೀಸು: ದಿನಗೂಲಿ ಗುಣಿಸಿ, ಮಳೆಗಾಲದ ತಿಂಗಳು ಕಳೆ. ಶ್ರೀನಿವಾಸಪುರದ ಮಾವು ಹಾಗಲ್ಲ. ಹೂ ಬಿಟ್ಟಾಗಲೇ ತೋಪನ್ನು ಗುತ್ತಿಗೆಗೆ ಕೊಡುತ್ತಾರೆ, ಮುಂಗಡ ಹಳೇ ಸಾಲಕ್ಕೆ ಹೋಗುತ್ತದೆ. ಒಂದು ವರ್ಷ ಫಲ ಬಂದರೆ ಮರುವರ್ಷ ಮರ ಬರಿದು. "ಸಾರ್, ಈ ವರ್ಷದ್ದು ಬರೀತೀರೋ, ಹೋದ ವರ್ಷದ್ದೋ?" ಅಂತ ಒಬ್ಬ ಅಪ್ಪ ಕೇಳಿದ. ಎರಡೂ ಕೂಡಿಸಿ ಅರ್ಧ ಮಾಡಿದೆ. ಯಾವ ಸುತ್ತೋಲೆಯಲ್ಲೂ ಓದಿಕೊಂಡದ್ದಲ್ಲ ಅದು.

ಜಾತಿ ಪ್ರಮಾಣಪತ್ರದ್ದು ಬೇರೆಯೇ ಕಥೆ. ಮೀಸಲಾತಿಯ 1990ರ ಕಾಯ್ದೆ, 1992ರ ನಿಯಮ ಬಂದ ಮೇಲೆ ಪರಿಶೀಲನೆಗೆ ಜಿಲ್ಲಾ ಸಮಿತಿಯೇ ಆಯಿತು. ಮುಳಬಾಗಿಲಲ್ಲಂತೂ ಮೀಸಲು ಕ್ಷೇತ್ರದ 2013ರ ಆಯ್ಕೆಯನ್ನೇ 2018ರಲ್ಲಿ ಹೈಕೋರ್ಟ್ ಜಾತಿ ಪ್ರಮಾಣಪತ್ರದ ಕಾರಣಕ್ಕೆ ಅಸಿಂಧು ಮಾಡಿತು. ದೊಡ್ಡವರ ತಗಾದೆಯಾದ ಮೇಲೆ ಗುಮಾಸ್ತರು ಬಡ ಹುಡುಗರ ಕಾಗದವನ್ನೂ ಅನುಮಾನದಿಂದಲೇ ತಿರುವಿಹಾಕುತ್ತಾರೆ.

2012ರ ಕೊನೆಗೆ ಅಟಲ್‌ಜೀ ಜನಸ್ನೇಹಿ ಕೇಂದ್ರ ಬಂತು, ಪ್ರಮಾಣಪತ್ರಕ್ಕೆ ಆರ್‌ಡಿ ನಂಬರ್ ಬಂತು. 2019ರಿಂದ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್. ಆ ನಂಬರ್ ಹಾಕಿದರೆ ಜಾತಿ, ಆದಾಯ ತಾನೇ ತೆರೆಯುತ್ತದೆ. ಆಧಾರ್‌ನಲ್ಲಿ ಹೆಸರು ಒಂದಕ್ಷರ ಆಚೀಚೆಯಾದರೆ ಮಾತ್ರ ಮತ್ತೆ ಅಲೆದಾಟ. ಆದರೂ ನಾನು ಕಂಪ್ಯೂಟರ್ ಪರವೇ. ಅದು ಯಾರನ್ನೂ ಜಗಲಿ ಕೆಳಗೆ ನಿಲ್ಲಿಸುವುದಿಲ್ಲ.

ಆದಾಯ ಪತ್ರ ಐದು ವರ್ಷ ಸಿಂಧು, ಆದರೆ ತೋಪಿನ ವರಮಾನ ಅಷ್ಟು ಕಾಲ ಒಂದೇ ಸಮ ಇರುವುದಿಲ್ಲ. 2025ರ ಜೂನ್‌ನಲ್ಲಿ ಆಂಧ್ರದ ಚಿತ್ತೂರು ಜಿಲ್ಲಾಡಳಿತ ನಮ್ಮ ತೋತಾಪುರಿ ಮಾವನ್ನು ಒಳಬಿಡದೆ ತಡೆದಾಗ ಬೆಲೆ ಬಿದ್ದುಹೋಯಿತು. ಆದರೆ ಬೆಳೆಗಾರರ ಮನೆಯಲ್ಲಿದ್ದ ಹಳೇ ಪತ್ರದಲ್ಲಿದ್ದದ್ದು ಒಳ್ಳೇ ವರ್ಷದ ಅಂಕಿ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಪರಿಶಿಷ್ಟರಿಗೆ ವಾರ್ಷಿಕ ಆದಾಯದ ಮಿತಿ 2.5 ಲಕ್ಷ ರೂಪಾಯಿ. ಅದರ ಅಂಚಿನಲ್ಲಿರುವ ತೋಪಿನವರ ಮಕ್ಕಳು ಕೇಳಲು ಬಂದರೆ, ಹಳೇ ಪತ್ರ ಹಿಡಿದು ಕೂರಬೇಡಿ, ಅಡ್ಮಿಷನ್‌ಗೆ ಮುಂಚೆಯೇ ಹೊಸದಕ್ಕೆ ಅರ್ಜಿ ಹಾಕಿ ಅನ್ನುತ್ತೇನೆ.