ಕೆಮ್ಮಿನ ಔಷಧಿಯ ಬಾಟಲಿ

ನಮ್ಮ ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಕಡೆ ಹಿರಿಯರು ಕ್ಷಯದ ಹೆಸರು ಬಾಯಿಬಿಟ್ಟು ಹೇಳುತ್ತಿರಲಿಲ್ಲ. "ಅವನಿಗೆ ಆ ಕಾಯಿಲೆಯಂತೆ" ಅಂದರೆ ಮುಗೀತು. ಆಮೇಲೆ ಎಚ್‌ಐವಿಗೂ ಅದೇ ಮಾತು ಬಂತು. ಜೊತೆಗೆ ಇನ್ನೊಂದು ಮಾತಿದೆ ನೋಡಿ: ಬಡವರಿಗೆ ತಿಳುವಳಿಕೆ ಇಲ್ಲ, ಆಸ್ಪತ್ರೆಗೇ ಹೋಗೋದಿಲ್ಲ ಅಂತ. ಇದು ಸುಳ್ಳು ಅಂತ ನಮ್ಮ ರಾಜ್ಯದಲ್ಲೇ 60 ವರ್ಷದ ಹಿಂದೆ ಗೊತ್ತಾಗಿದೆ.

1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಅಲ್ಲಿನ ಡಾ. ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕಫದಲ್ಲಿ ರೋಗಾಣು ಇದ್ದವರನ್ನು ಮಾತಾಡಿಸಿದರು. ವರದಿ ಬಂದದ್ದು 1963ರಲ್ಲಿ. ಹೆಚ್ಚುಕಮ್ಮಿ ಎಲ್ಲರಿಗೂ ತಮ್ಮ ಮೈಯಲ್ಲಿ ಏನೋ ಸರಿಯಿಲ್ಲ ಅಂತ ಗೊತ್ತಿತ್ತು. ಅರ್ಧದಷ್ಟು ಜನ ಆಗಲೇ ಆಸ್ಪತ್ರೆಗೂ ಹೋಗಿ ಬಂದಿದ್ದರು! ಅಲ್ಲಿ ಸಿಕ್ಕಿದ್ದು ಮಾತ್ರ ಒಂದು ಬಾಟಲಿ ಕೆಮ್ಮಿನ ಔಷಧಿ. ಕಫ ಪರೀಕ್ಷೆ ಮಾಡಿದವರಿಲ್ಲ. ಕೂಲಿ ಬಿಟ್ಟು, ನಡೆದು ಹೋದವನನ್ನು ಬರಿಗೈಲಿ ಕಳಿಸಿ, ಆಮೇಲೆ ಅವನಿಗೇ "ಅಜ್ಞಾನಿ" ಅನ್ನೋದು ನನಗಂತೂ ಅನ್ಯಾಯ ಅನ್ನಿಸುತ್ತೆ.

ಅರಮನೆಯನ್ನೂ ಈ ರೋಗ ಬಿಟ್ಟಿರಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿ ಮತ್ತು ಅವರ ಹೆಣ್ಣುಮಕ್ಕಳು ಕ್ಷಯದಿಂದ ತೀರಿಕೊಂಡರು. ಅವರ ನೆನಪಿಗೆ 1921ರಲ್ಲಿ ಮೈಸೂರಿನಲ್ಲಿ ಸ್ಯಾನಟೋರಿಯಂ ಆಯಿತು. ಆಗಿನ ಚಿಕಿತ್ಸೆ ಅಂದರೆ ವಿಶ್ರಾಂತಿ, ಒಳ್ಳೆ ಗಾಳಿ, ಒಳ್ಳೆ ಊಟ. ತೋಟದ ಲೈನ್ ಮನೆಯ ಒಂದೇ ಕೋಣೆಯಲ್ಲಿ ಮಳೆಗಾಲವಿಡೀ ಬಾಗಿಲು ಹಾಕಿಕೊಂಡು ಮಲಗುವ ಸಂಸಾರಕ್ಕೆ ಈ ಮೂರರಲ್ಲಿ ಯಾವುದು ಸಿಕ್ಕೀತು ಹೇಳಿ? ಮಾತ್ರೆಗಳು ಬಂದ ಮೇಲೆ, 1959ರ ಮದರಾಸಿನ ಅಧ್ಯಯನ ಮನೆಯಲ್ಲೇ ಇದ್ದು ಮದ್ದು ತಗೊಂಡರೂ ಸ್ಯಾನಟೋರಿಯಂನಷ್ಟೇ ಗುಣವಾಗುತ್ತೆ ಅಂತ ತೋರಿಸಿತು.

ಆದರೆ ಗುಣವಾಗೋದು ಬೇರೆ, ರೋಗ ಬರೋದು ಬೇರೆ. ರೋಗಾಣು ಎಷ್ಟೋ ಜನರ ಮೈಯಲ್ಲಿ ಸುಮ್ಮನೆ ಮಲಗಿರುತ್ತೆ. ಮೈಯ ಶಕ್ತಿ ಕುಂದಿದಾಗ ಏಳುತ್ತೆ. ಎಚ್‌ಐವಿ ಅದನ್ನು ಎಬ್ಬಿಸುತ್ತೆ, ಹಸಿವೂ ಎಬ್ಬಿಸುತ್ತೆ. ನಮ್ಮ ದೇಶದಲ್ಲಿ ಹಸಿವಿನ ಪಾಲೇ ದೊಡ್ಡದು. ಜಾರ್ಖಂಡಿನಲ್ಲಿ ರೋಗಿಗಳ ಮನೆಯವರಿಗೆ ಅಕ್ಕಿ, ಬೇಳೆ ಕೊಟ್ಟು ನೋಡಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು: ಆ ಮನೆಗಳಲ್ಲಿ ಹೊಸದಾಗಿ ಕ್ಷಯ ಬರೋದು ಶೇ. 39ರಷ್ಟು ಕಡಿಮೆಯಾಗಿತ್ತು.

ರೋಗಿಯ ಊಟಕ್ಕೆ ಅಂತ ಸರ್ಕಾರ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು. 2024ರ ನವೆಂಬರಿನಿಂದ 1000 ಆಗಿದೆ. ದುಡ್ಡು ಬೀಳೋದು ಬ್ಯಾಂಕ್ ಖಾತೆಗೆ. ಕೆಲಸ ಹುಡುಕಿಕೊಂಡು ಬೇರೆ ಊರಿಂದ ನಮ್ಮ ತೋಟಗಳಿಗೆ ಬಂದು, ಕೊಯ್ಲು ಮುಗಿದ ಮೇಲೆ ಇನ್ನೆಲ್ಲಿಗೋ ಹೋಗುವವರು ಆರು ತಿಂಗಳ ಮಾತ್ರೆಯನ್ನು ಯಾವ ಊರಲ್ಲಿ ಮುಗಿಸುತ್ತಾರೆ?