ಫಾರಿನ್ ಸ್ಪೇರ್ ಪಾರ್ಟ್ಸ್‌ಗೆ ಸುಂಕ ರಿಯಾಯಿತಿ: ಬಳ್ಳಾರಿಯ ಲಾರಿ, ಟ್ರ್ಯಾಕ್ಟರ್ ಮಾಲೀಕರಿಗೆ ಸಿಗೋದೆಷ್ಟು?

ಬಳ್ಳಾರಿ: ಅದಿರು ಲಾರಿಯ ಗೇರ್‌ಬಾಕ್ಸ್ ಕೈಕೊಟ್ಟರೆ, ಸಿರುಗುಪ್ಪದಲ್ಲಿ ಭತ್ತದ ಕೊಯ್ಲಿನ ಹೊತ್ತಿಗೆ ಹಾರ್ವೆಸ್ಟರ್ ಬೇರಿಂಗ್ ಹೋದರೆ, ಕುರುಗೋಡಿನಲ್ಲಿ ಮೆಣಸಿನಕಾಯಿ ತುಂಬಿದ ಟ್ರ್ಯಾಕ್ಟರ್ ನಿಂತರೆ ಮಾಲೀಕರು ಮೊದಲು ಕೇಳೋದು ಪಾರ್ಟ್ ರೇಟು. 'ಫಾರಿನ್ ಮಾಲು, ಅದಕ್ಕೇ ಜಾಸ್ತಿ' ಅನ್ನೋ ಉತ್ತರ ಸಾಮಾನ್ಯ. ಆದರೆ ಎಲ್ಲ ವಿದೇಶಿ ಮಾಲಿಗೂ ಒಂದೇ ಸುಂಕ ಇಲ್ಲ.

ಏನಿದು ರಿಯಾಯಿತಿ ಸುಂಕ?

ವಾಹನದ ಹಲವು ಬಿಡಿಭಾಗಗಳಿಗೆ ಮೂಲ ಆಮದು ಸುಂಕ ಶೇ. 15. 2018ರ ಬಜೆಟ್‌ನಲ್ಲಿ ಇದನ್ನು ಏರಿಸಲಾಯಿತು. ಭಾರತ ವ್ಯಾಪಾರ ಒಪ್ಪಂದ ಮಾಡಿಕೊಂಡ ದೇಶಗಳಿಂದ ಬಂದರೆ, ಒಪ್ಪಂದದ ಪಟ್ಟಿಯಲ್ಲಿರುವ ವಸ್ತುಗಳಿಗೆ ಕಡಿಮೆ ಸುಂಕ, ಕೆಲವಕ್ಕೆ ಸೊನ್ನೆ. ಪಟ್ಟಿಯಿಂದ ಹೊರಗಿಟ್ಟ ವಸ್ತುಗಳಿಗೆ ಪೂರ್ತಿ ಸುಂಕವೇ.

ಯಾವ ಒಪ್ಪಂದ, ಯಾವಾಗ?

* ಥಾಯ್ಲೆಂಡ್: 82 ವಸ್ತುಗಳಿಗೆ 2004ರ ಸೆಪ್ಟೆಂಬರ್‌ನಿಂದ
* ಆಸಿಯಾನ್ ದೇಶಗಳು, ದಕ್ಷಿಣ ಕೊರಿಯಾ: 2010ರ ಜನವರಿ 1
* ಜಪಾನ್: 2011ರ ಆಗಸ್ಟ್ 1
* ಯುಎಇ: 2022ರ ಮೇ 1

ಚೀನಾ ಜೊತೆ ಭಾರತಕ್ಕೆ ಮುಕ್ತ ವ್ಯಾಪಾರ ಒಪ್ಪಂದ ಇಲ್ಲ. ಏಷ್ಯಾ-ಪೆಸಿಫಿಕ್ ವ್ಯಾಪಾರ ಒಪ್ಪಂದದಡಿ ಕೆಲ ವಸ್ತುಗಳಿಗೆ ಅಷ್ಟಿಷ್ಟು ರಿಯಾಯಿತಿ ಇದೆ, ಅಷ್ಟೇ. ಚೀನಾ ಕೂಡ ಇದ್ದ ಆರ್‌ಸಿಇಪಿ ಒಪ್ಪಂದದಿಂದ ಭಾರತ 2019ರ ನವೆಂಬರ್‌ನಲ್ಲಿ ಹೊರಬಂತು.

ಲೆಕ್ಕ ಹೀಗಿದೆ

ಬಂದರಿನಲ್ಲಿ 10,000 ರೂ. ಬೆಲೆಯ ಒಂದು ಪಾರ್ಟ್ ಇದೆ ಎಂದುಕೊಳ್ಳಿ. ಶೇ. 15 ಸುಂಕ 1,500 ರೂ. ಆ ಸುಂಕದ ಮೇಲೆ ಶೇ. 10 ಸಮಾಜ ಕಲ್ಯಾಣ ಸರ್‌ಚಾರ್ಜ್ 150 ರೂ. ಎಲ್ಲ ಸೇರಿದ ಮೇಲೆ ಶೇ. 18 ಐಜಿಎಸ್‌ಟಿ. ಒಟ್ಟು 13,747 ರೂ. ಸುಂಕ ಸೊನ್ನೆಯಾದರೆ 11,800 ರೂ. ವ್ಯತ್ಯಾಸ 1,947 ರೂ.

ಆದರೆ ಸುಂಕ ಇಳಿದಷ್ಟೇ ಅಂಗಡಿ ರೇಟೂ ಇಳಿಯಬೇಕು ಅನ್ನೋ ನಿಯಮ ಇಲ್ಲ. ಉಳಿದ ಹಣ ಆಮದುದಾರ, ಡೀಲರ್ ಕೈಯಲ್ಲೇ ನಿಲ್ಲಬಹುದು. ಜಿಎಸ್‌ಟಿ ನೋಂದಣಿ ಇಲ್ಲದ ರೈತರಿಗೆ ಕಟ್ಟಿದ ತೆರಿಗೆಯೂ ವಾಪಸ್ ಬರಲ್ಲ.

ಶೇ. 35 ನಿಯಮ

ಬೇರೆ ದೇಶದ ಮಾಲಿಗೆ ಆಸಿಯಾನ್ ಹೆಸರು ಅಂಟಿಸಿ ತಂದರೆ ರಿಯಾಯಿತಿ ಸಿಗಲ್ಲ. ಸಾಮಾನ್ಯವಾಗಿ ಮೌಲ್ಯದ ಕನಿಷ್ಠ ಶೇ. 35 ಒಪ್ಪಂದದ ದೇಶಗಳದ್ದೇ ಇರಬೇಕು, ಮೂಲದ ಪ್ರಮಾಣಪತ್ರವೂ ಬೇಕು. 2020ರ ಸೆಪ್ಟೆಂಬರ್ 21ರಿಂದ ಜಾರಿಯಾದ ನಿಯಮದಂತೆ ಬರೀ ಪ್ರಮಾಣಪತ್ರ ಸಾಲದು. ಮಾಲು ಎಲ್ಲಿ, ಹೇಗೆ ತಯಾರಾಯಿತು ಅನ್ನೋ ದಾಖಲೆಯನ್ನು ಆಮದುದಾರ 5 ವರ್ಷ ಇಟ್ಟುಕೊಳ್ಳಬೇಕು.

ನಮ್ಮಿಂದಲೂ ಹೋಗುತ್ತೆ

ವ್ಯಾಪಾರ ಒಂದೇ ದಿಕ್ಕಿನದ್ದಲ್ಲ. ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಆಟೋ ಪಾರ್ಟ್ಸ್ 2004ರಿಂದ ಗೇರ್‌ಬಾಕ್ಸ್ ರಫ್ತು ಮಾಡುತ್ತಿದೆ. ಅತ್ತ, ಅಗ್ಗದ ಆಮದಿನಿಂದ ಪೆಟ್ಟು ಬೀಳುತ್ತೆ ಅನ್ನೋದು ಇಲ್ಲಿನ ಸಣ್ಣ ತಯಾರಕರ ಆತಂಕ.

ಖರೀದಿಸುವಾಗ ಏನು ನೋಡಬೇಕು?

* ಆಮದು ಮಾಲಿನ ಪ್ಯಾಕ್ ಮೇಲೆ ತಯಾರಾದ ದೇಶ, ಆಮದುದಾರರ ಹೆಸರು-ವಿಳಾಸ, ಎಂಆರ್‌ಪಿ ಇರಲೇಬೇಕು. ಇಲ್ಲದಿದ್ದರೆ ಅನುಮಾನಪಡಿ.
* ಬಿಲ್‌ನಲ್ಲಿ ಎಚ್‌ಎಸ್‌ಎನ್ ಕೋಡ್ ನೋಡಿ. ಲಾರಿ, ಟ್ರ್ಯಾಕ್ಟರ್ ಭಾಗ 8708, ಬೈಕ್ ಭಾಗ 8714, ಬೇರಿಂಗ್ 8482, ಹಾರ್ವೆಸ್ಟರ್ ಭಾಗ 8433. ಕೋಡ್ ಬೇರೆಯಾದರೆ ಸುಂಕವೂ ಬೇರೆಯಾಗಬಹುದು.
* ಜಪಾನ್ ಬ್ರ್ಯಾಂಡ್ ಅಂದ ಮಾತ್ರಕ್ಕೆ ಜಪಾನ್ ಮಾಲಲ್ಲ. ಸುಂಕ ಲೆಕ್ಕವಾಗೋದು ತಯಾರಾದ ದೇಶದ ಮೇಲೆ.
* ಬಿಲ್ ಬಿಡಬೇಡಿ. ಪಾರ್ಟ್ ನಕಲಿ ಅಂತ ಗೊತ್ತಾದಾಗ ಗ್ರಾಹಕರ ವೇದಿಕೆಯಲ್ಲಿ ಕೈಹಿಡಿಯೋದು ಅದೇ.