ಯಮಕ (ಶಬ್ದಾಲಂಕಾರ)

ಯಮಕ ಎಂಬುದು ಕಾವ್ಯಮೀಮಾಂಸೆಯಲ್ಲಿ ಹೇಳಲಾಗಿರುವ ಒಂದು ಶಬ್ದಾಲಂಕಾರ. ಒಂದೇ ಪದ ಅಥವಾ ಅಕ್ಷರಸಮೂಹವು ಪದ್ಯದಲ್ಲಿ ಅದೇ ಕ್ರಮದಲ್ಲಿ ಮರುಕಳಿಸಿ, ಅರ್ಥವುಳ್ಳದ್ದಾದಾಗ ಬೇರೆ ಅರ್ಥವನ್ನು ಕೊಟ್ಟರೆ ಅದು ಯಮಕ. 'ಯಮ' ಎಂದರೆ ಅವಳಿ. ರೂಪದಲ್ಲಿ ಒಂದೇ ಆಗಿದ್ದು ಬೇರೆ ಬೇರೆಯಾಗಿರುವ ಜೋಡಿ ಎಂಬುದು ಹೆಸರಿನ ಭಾವ. ಪದವೊಂದನ್ನು ಅದೇ ಪದದೊಡನೆ ಪ್ರಾಸಗೊಳಿಸುವುದು ಗುಣವೋ ದೋಷವೋ ಎಂಬ ಪ್ರಶ್ನೆಗೆ ಸಾಂಪ್ರದಾಯಿಕ ಉತ್ತರ ಈ ಅರ್ಥಭೇದದಲ್ಲಿದೆ.

ಲಕ್ಷಣ

ಭರತನ ನಾಟ್ಯಶಾಸ್ತ್ರವು ಯಮಕದಲ್ಲಿ 10 ಬಗೆಗಳನ್ನು ಹೇಳುತ್ತದೆ. ದಂಡಿಯು ಕಾವ್ಯಾದರ್ಶದ ಮೂರನೆಯ ಪರಿಚ್ಛೇದದಲ್ಲಿ ಇದನ್ನು ವಿಸ್ತಾರವಾಗಿ ವಿವೇಚಿಸಿದ್ದಾನೆ. ಆವೃತ್ತಿಯು ಪಾದದ ಆದಿ, ಮಧ್ಯ, ಅಂತ್ಯಗಳಲ್ಲಿ ಎಲ್ಲಿ ಬಂದಿದೆ ಎಂಬುದೇ ವಿಭಾಗಕ್ಕೆ ಆಧಾರ. ಸರಳ ಉದಾಹರಣೆ:

ಕಡಲ ದಡದಲಿ ನಿಂತು ನೋಡಿದೆನು ತೆರೆಯ
ಮುಗಿಲು ಸರಿಸಿತು ಬೆಳಕ ಮುಚ್ಚಿದ್ದ ತೆರೆಯ

ಮೊದಲ 'ತೆರೆ' ಅಲೆ, ಎರಡನೆಯದು ಪರದೆ. ಆದ್ದರಿಂದ ಇದು ಯಮಕ. ಎರಡೂ ಕಡೆ 'ಅಲೆ' ಎಂಬ ಅರ್ಥವೇ ಇದ್ದು, ವಿಶೇಷ ಪ್ರಯೋಜನವೂ ಇಲ್ಲದಿದ್ದರೆ ಅದು ಪುನರುಕ್ತಿ ದೋಷವಾಗುತ್ತದೆ.

ಲಾಟಾನುಪ್ರಾಸ

ಪದವೂ ಅರ್ಥವೂ ಒಂದೇ ಆಗಿದ್ದು, ತಾತ್ಪರ್ಯ ಮಾತ್ರ ಬೇರೆಯಾದರೆ ಅದಕ್ಕೆ ಲಾಟಾನುಪ್ರಾಸ ಎಂದು ಹೆಸರು. 'ಒಲವಿದ್ದವಗೆ ಕಾಡೂ ಮನೆ, ಒಲವಿಲ್ಲದವಗೆ ಮನೆಯೂ ಕಾಡು' ಎಂಬಲ್ಲಿ ಕಾಡು, ಮನೆ ಎಂಬ ಪದಗಳ ಅರ್ಥ ಬದಲಾಗಿಲ್ಲ, ಅನ್ವಯ ಬದಲಾಗಿದೆ. ಹೀಗೆ ಅರ್ಥ ಬದಲಾಗದ ಆವೃತ್ತಿಗೂ ಶಾಸ್ತ್ರದಲ್ಲಿ ಸ್ಥಾನವಿದೆ.

ಕನ್ನಡದ ಪ್ರಾಸ ಮತ್ತು ಯಮಕ

ಸುಮಾರು ಕ್ರಿ.ಶ. 850ರ ಕವಿರಾಜಮಾರ್ಗದ ಎರಡನೆಯ ಪರಿಚ್ಛೇದವು ಶಬ್ದಾಲಂಕಾರಗಳಿಗೆ ಮೀಸಲಾಗಿದೆ. ಹಳಗನ್ನಡ, ನಡುಗನ್ನಡ ಕಾವ್ಯಗಳಲ್ಲಿ ಪ್ರಾಸವು ಸಾಲಿನ ಕೊನೆಯಲ್ಲಲ್ಲ, ಪ್ರತಿ ಸಾಲಿನ ಎರಡನೆಯ ಅಕ್ಷರದ ವ್ಯಂಜನದಲ್ಲಿ ಬರುತ್ತದೆ, ಇದು ಆದಿಪ್ರಾಸ. ಷಟ್ಪದಿಯ ಆರೂ ಸಾಲುಗಳಲ್ಲಿ ಇದನ್ನು ಪಾಲಿಸಬೇಕು. ಪ್ರಾಸಾಕ್ಷರದ ಹಿಂದಿನ ಸ್ವರೂಪವನ್ನು ಅನುಸರಿಸಿ ಸಿಂಹ (ಹ್ರಸ್ವ), ಗಜ (ದೀರ್ಘ), ವೃಷಭ (ಅನುಸ್ವಾರ), ಅಜ (ವಿಸರ್ಗ) ಮೊದಲಾದ 6 ಪ್ರಾಸಗಳನ್ನು ಹೇಳಲಾಗಿದೆ. ಉಳಿದೆರಡು ಶರಭ ಮತ್ತು ಹಯ.

ಆದಿಪ್ರಾಸಕ್ಕೆ ಒಂದು ವ್ಯಂಜನದ ಸಾಮ್ಯ ಸಾಕು. ಇಡೀ ಪದ ಮರಳಬೇಕಾಗಿಲ್ಲ. ಆದ್ದರಿಂದ ಕವಿ ಅದೇ ಪದವನ್ನು ಮತ್ತೆ ಇಟ್ಟರೆ ಅದು ನಿಯಮದ ಒತ್ತಾಯವಲ್ಲ, ಆಯ್ಕೆ. 'ಕರಿಯನೇರಿ ಬಂದನರಸ / ಕರಿಯ ಮುಗಿಲು ಕವಿಯುತಿರಲು' ಎಂಬಲ್ಲಿ ಮೊದಲ 'ಕರಿ' ಆನೆ, ಎರಡನೆಯದು ಕಪ್ಪು: ಪ್ರಾಸವೂ ಯಮಕವೂ ಕೂಡಿವೆ. ಅರಿ, ನೆರೆ, ಕಾಡು, ಹತ್ತು ಮುಂತಾದ ನಾನಾರ್ಥ ಪದಗಳು ಕನ್ನಡದಲ್ಲಿ ಇದಕ್ಕೆ ಒದಗುತ್ತವೆ.

ಅಂಕಿತ ಮತ್ತು ಮಕುಟ

ಒಂದೇ ಪದವು ಒಂದೇ ಅರ್ಥದಲ್ಲಿ ಪ್ರತಿ ಪದ್ಯದ ಕೊನೆಗೆ ಮರಳುವ ಕ್ರಮವೂ ಕನ್ನಡದಲ್ಲಿ ಬಳಕೆಯಲ್ಲಿದೆ. ಸೋಮೇಶ್ವರ ಶತಕದ ಮಕುಟ, ಸರ್ವಜ್ಞನ ತ್ರಿಪದಿಗಳ ಅಂಕಿತ, ಡಿ.ವಿ.ಜಿ.ಯವರ ಮಂಕುತಿಮ್ಮನ ಕಗ್ಗದ (1943) ಸಂಬೋಧನೆ ಇಂಥವು. ಇವು ಪದ್ಯದ ಮುದ್ರೆಗಳಾದ ಕಾರಣ ಪ್ರಾಸವೆಂದಾಗಲಿ ಪುನರುಕ್ತಿಯೆಂದಾಗಲಿ ಎಣಿಸುವುದಿಲ್ಲ.

ಆಧುನಿಕ ಕಾಲ

ಮಂಜೇಶ್ವರದ ಎಂ. ಗೋವಿಂದ ಪೈಯವರು 1911ರಲ್ಲಿ ಆದಿಪ್ರಾಸವನ್ನು ಬಿಟ್ಟು ಪದ್ಯ ರಚಿಸಿದರು. ಬಿ.ಎಂ. ಶ್ರೀಕಂಠಯ್ಯನವರ 'ಇಂಗ್ಲಿಷ್ ಗೀತಗಳು' ಸಂಕಲನದ ಬಳಿಕ ಅಂತ್ಯಪ್ರಾಸವು ನವೋದಯ ಕಾವ್ಯದಲ್ಲಿ ವ್ಯಾಪಕವಾಯಿತು. ಅಂತ್ಯಪ್ರಾಸದಲ್ಲಿ 'ಅಲ್ಲಿ', 'ಇಂದ' ಮೊದಲಾದ ಪ್ರತ್ಯಯಗಳೇ ಮರಳಿದರೆ ಪ್ರಾಸ ಸುಲಭ, ಆದರೆ ಸಪ್ಪೆ. ಶಾಂತರಸರು ಬೆಳೆಸಿದ ಕನ್ನಡ ಗಜಲ್‌ನಲ್ಲಾದರೋ ಪುನರಾವೃತ್ತಿಯೇ ನಿಯಮ: ಮರಳುವ ಪದ ರದೀಫ್, ಅದರ ಹಿಂದಿನ ಪ್ರಾಸಪದ ಕಾಫಿಯಾ. ರದೀಫ್ ಬದಲಾಗುವುದಿಲ್ಲ, ಹೊಸತನವನ್ನು ಕಾಫಿಯಾ ತರಬೇಕು.

ಇತರ ಭಾಷೆಗಳಲ್ಲಿ

ಸಂಸ್ಕೃತದಲ್ಲಿ ಕಾಳಿದಾಸನ ರಘುವಂಶದ 9ನೆಯ ಸರ್ಗದ ಬಹುಪಾಲು ಶ್ಲೋಕಗಳ ನಾಲ್ಕನೆಯ ಪಾದದಲ್ಲಿ ಯಮಕವಿದೆ. ಅಭಿಜಾತ ಫ್ರೆಂಚ್ ಕಾವ್ಯನಿಯಮವು ಪದವನ್ನು ಅದೇ ಅರ್ಥದ ಅದೇ ಪದದೊಡನೆ ಪ್ರಾಸಗೊಳಿಸುವುದನ್ನು ನಿಷೇಧಿಸುತ್ತದೆ. ಇಟಲಿಯ ದಾಂತೆ ತನ್ನ 'ಪಾರಾದೀಸೊ' ಭಾಗದಲ್ಲಿ ಕ್ರಿಸ್ತನ ಹೆಸರು ಸಾಲಿನ ಕೊನೆಗೆ ಬಂದಾಗಲೆಲ್ಲ ಅದನ್ನು ಅದೇ ಹೆಸರಿನೊಡನೆ ಮಾತ್ರ ಪ್ರಾಸಗೊಳಿಸಿದ್ದಾನೆ. ಅದಕ್ಕೆ ಸಮನಾದ ಬೇರೆ ಪದವಿಲ್ಲ ಎಂಬುದು ಇದರ ಆಶಯವೆಂದು ವ್ಯಾಖ್ಯಾನಿಸಲಾಗುತ್ತದೆ.